ಅಭ್ಯಾಸದಿಂದ ಪರಿಪೂರ್ಣರಾಗಬಹುದಾ?

ಮೂರು ವರ್ಷ ರಿಯಾಜ್ (ಹಾಡಿನ ಅಭ್ಯಾಸ) ಮಾಡಿದರೂ ಸ್ವರ ಅಲ್ಲಾಡುತ್ತದೆ, ಅಭ್ಯಾಸದಿಂದ ಮನುಷ್ಯ ಪರಿಪೂರ್ಣ ಆಗೋದು ನಿಜವಾ ಅಂತ ಕೇಳಿದ್ದೀರಿ. ನಾನು ಪುಣೆಯಲ್ಲಿ 14 ವರ್ಷದಿಂದ ಹಾಡು ಕಲಿಯುತ್ತಿದ್ದೇನೆ. ನನ್ನ ಮಟ್ಟಿಗೆ ಉತ್ತರ, ಇಲ್ಲ. ಆದರೆ ಬೇಜಾರಾಗಬೇಡಿ.

ಮೊದಲ ವರ್ಷ ನನ್ನ ಕೋಮಲ ರಿಷಭ (ಸ್ವಲ್ಪ ತಗ್ಗಿಸಿ ಹಾಡುವ ‘ರಿ’ ಸ್ವರ) ಸರಿಯಾಗಿದೆ ಅಂದುಕೊಂಡಿದ್ದೆ. ಈಗ ತೋಡಿ ರಾಗ ಹಾಡುವಾಗ ಅದೇ ರಿಷಭ ಕೂದಲೆಳೆಯಷ್ಟು ಮೇಲೆ ನಿಂತರೂ ಕಿವಿಗೆ ಚುಚ್ಚುತ್ತದೆ, ಅಲ್ಲೇ ನಿಲ್ಲಿಸಿ, ತಂಬೂರಿಯ ಷಡ್ಜ (ಆಧಾರದ ‘ಸ’) ಕೇಳಿಸಿಕೊಂಡು ಮತ್ತೆ ಶುರು ಮಾಡುತ್ತೇನೆ. ಗಂಟಲು ಒಂದು ಹೆಜ್ಜೆ ಹೋದರೆ ಕಿವಿ ಎರಡು ಹೆಜ್ಜೆ ಮುಂದೆ ಹೋಗಿರುತ್ತದೆ. ನಿಮಗೆ ಸ್ವರ ಅಲ್ಲಾಡೋದು ಕೇಳಿಸುತ್ತಿದೆ ಅಂದ್ರೆ ಕಿವಿ ಬೆಳೆದಿದೆ ಅಂತ ತಾನೇ ಅರ್ಥ, ಅಲ್ವಾ?

ನಮ್ಮ ಗದಗಿನ ಹಿಂದೂಸ್ತಾನಿ ಗಾಯಕ ಭೀಮಸೇನ ಜೋಶಿಯವರು ಗುರುವನ್ನು ಹುಡುಕಿಕೊಂಡು 11ನೇ ವಯಸ್ಸಿಗೇ ಮನೆ ಬಿಟ್ಟವರು. ಕುಂದಗೋಳದ ಸವಾಯಿ ಗಂಧರ್ವರ ಹತ್ತಿರ ಕಲಿತರು. 1953ರಲ್ಲಿ ಇದೇ ಪುಣೆಯಲ್ಲಿ ಗುರುವಿನ ನೆನಪಿಗೆ ಉತ್ಸವ ಶುರುವಾಯಿತು, ಆಮೇಲೂ ದಶಕಗಟ್ಟಲೆ ಅದೇ ರಾಗಗಳನ್ನು ಮತ್ತೆ ಮತ್ತೆ ಹಾಡಿದರು.

ಇನ್ನೊಂದು ಮಾತು, ಹಾಡಿನ ಅಭ್ಯಾಸ ಹಾಡನ್ನಷ್ಟೇ ತಿದ್ದುತ್ತದೆ. ಎರಡು ಗಂಟೆ ರಿಯಾಜ್ ಮುಗಿಸಿ ಎದ್ದ ಕೂಡಲೇ ಅಮ್ಮನ ಮೇಲೆ ರೇಗಿದ್ದೇನೆ. ತಾಳ್ಮೆಯನ್ನು ಬೇರೆಯಾಗಿಯೇ ಕಲಿಯಬೇಕು.

ಸುಮ್ನೆ ಗಂಟೆ ಎಣಿಸಬೇಡಿ. ಬೆಳಗ್ಗೆ ಹದಿನೈದು ನಿಮಿಷ ಮಂದ್ರದ (ಕೆಳಗಿನ ಸಪ್ತಕದ) ಸ್ವರಗಳನ್ನು ಒಂದೊಂದಾಗಿ ಹಿಡಿಯಿರಿ, ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ಕೇಳಿ. ಉಸಿರು ಮುಗಿಯುವ ಹೊತ್ತಿಗೆ ಸ್ವರ ಕೆಳಗೆ ಜಾರುತ್ತಿದೆಯಾ ನೋಡಿ, ನನಗೆ ಜಾಸ್ತಿ ತೊಂದರೆ ಆಗಿದ್ದು ಅಲ್ಲೇ.