ಶ್ರೀರಂಗಪಟ್ಟಣದಲ್ಲಿ ಒಂದು ರಾತ್ರಿ: ಹೊಳೆ ಪಕ್ಕ ಉಳಿಯಬೇಕಾ, ಕೋಟೆ ಒಳಗಾ?

ಶನಿವಾರ ಬೆಂಗಳೂರಿನಿಂದ ಹೊರಟು ಭಾನುವಾರ ವಾಪಸ್, ಜೊತೆಗೆ ಇಬ್ಬರು ಸಣ್ಣ ಮಕ್ಕಳು, ಮಂಡಿನೋವಿರುವ ಅತ್ತೆ. ರೂಮು ಹೊಳೆ ಪಕ್ಕ ಮಾಡಬೇಕಾ, ರಂಗನಾಥಸ್ವಾಮಿ ದೇವಸ್ಥಾನದ ಹತ್ತಿರವಾ, ಇಲ್ಲ ಮೈಸೂರಿನಲ್ಲಿ ಉಳಿದು ಬಂದು ಹೋಗಬೇಕಾ ಎಂದು ಕೇಳಿದ್ದೀರಿ. ನನ್ನ ತಂಗಿಯನ್ನು ಕೊಟ್ಟಿರುವ ಊರು ಅದು, ಹಾಗಾಗಿ ಹೋಗಿ ಬರುವುದು ಇದ್ದೇ ಇರುತ್ತದೆ.

ಮೈಸೂರು ಬೇಡ. ಬರೀ ಹದಿನೈದು ಕಿಲೋಮೀಟರ್, ಹೋಟೆಲ್‌ಗಳೂ ಜಾಸ್ತಿ, ನಿಜ. ಆದರೆ ಶ್ರೀರಂಗಪಟ್ಟಣ ಚೆನ್ನಾಗಿರುವುದೇ ಬೆಳಗಿನ ಜಾವ ಮತ್ತು ಸಂಜೆ ಐದರ ಮೇಲೆ. ನಡುವಿನ ಹೊತ್ತಿನಲ್ಲಿ ಬರೀ ಬಿಸಿಲು, ಟೂರಿಸ್ಟ್ ಬಸ್ಸು. ಮೈಸೂರಿನಲ್ಲಿ ಉಳಿದವರು ತಿಂಡಿ ಮುಗಿಸಿ ಬರುವುದು ಸರಿಯಾಗಿ ಆ ಹೊತ್ತಿಗೇ.

ಊರು ಕಾವೇರಿಯ ಎರಡು ಕವಲುಗಳ ನಡುವಿನ ದ್ವೀಪ. ಪಶ್ಚಿಮದ ತುದಿಯಲ್ಲಿ ಕೋಟೆ, ಅದರೊಳಗೆ ದೇವಸ್ಥಾನ, ಟಿಪ್ಪು ಸತ್ತ ಜಾಗ, ರೈಲ್ವೆ ಸ್ಟೇಷನ್. ಪೂರ್ವಕ್ಕೆ ಹೋದರೆ ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್, ಗಂಜಾಂನ ನಿಮಿಷಾಂಬ ದೇವಸ್ಥಾನ, ಟಿಪ್ಪು ಸಮಾಧಿ ಇರುವ ಗುಂಬಜ್, ಕೊನೆಗೆ ಎರಡೂ ಕವಲು ಮತ್ತೆ ಸೇರುವ ಸಂಗಮ. ಒಂದು ತುದಿಯಿಂದ ಇನ್ನೊಂದಕ್ಕೆ ಸುಮಾರು ಐದು ಕಿಲೋಮೀಟರ್, ಆಟೋ ಸಿಗುತ್ತದೆ. ಹಾಗಾಗಿ 'ಎಲ್ಲದಕ್ಕೂ ಹತ್ತಿರ' ಎಂಬ ಜಾಹೀರಾತಿಗೆ ದುಡ್ಡು ಜಾಸ್ತಿ ಕೊಡಬೇಡಿ. ಇಲ್ಲಿ ಎಲ್ಲವೂ ಹತ್ತಿರವೇ.

ಮಕ್ಕಳಿರುವುದರಿಂದ ನನ್ನ ಓಟು ಹೊಳೆ ಪಕ್ಕಕ್ಕೇ. ಹೆದ್ದಾರಿಯಿಂದ ಸ್ವಲ್ಪ ಒಳಗೆ, ದಡದಲ್ಲೇ ಇರುವ ರಾಜ್ಯ ಪ್ರವಾಸೋದ್ಯಮ ನಿಗಮದ ಮಯೂರ ರಿವರ್ ವ್ಯೂ ಮೊದಲು ವಿಚಾರಿಸಿ. ಕಾಟೇಜ್ ಥರದ ರೂಮುಗಳಿವೆ, ಅತ್ತೆಯವರಿಗೆ ಮೆಟ್ಟಿಲಿನ ಕಾಟ ಕಡಿಮೆ. ಅಲ್ಲಿ ಸಿಗದಿದ್ದರೆ ಹೋಮ್‌ಸ್ಟೇ, ರೆಸಾರ್ಟ್‌ಗಳು ಇದ್ದೇ ಇವೆ. ಎಲ್ಲೇ ಆಗಲಿ, ಫೋಟೋ ನೋಡಿ ದುಡ್ಡು ಕಟ್ಟಬೇಡಿ. ಫೋನ್ ಮಾಡಿ, ರೂಮಿಗೂ ನೀರಿಗೂ ನಡುವೆ ಏನಿದೆ ಅಂತ ಕೇಳಿ. ಒಮ್ಮೆ ನಾನು ನೋಡಿದ ಒಂದು ಕಡೆ 'ರಿವರ್ ವ್ಯೂ' ಅಂದರೆ ಟೆರೇಸ್ ಹತ್ತಿ ತೆಂಗಿನ ತೋಟದ ಆಚೆ ಇಣುಕುವುದು. ನೆಲಮಹಡಿ ರೂಮು, ವೆಸ್ಟರ್ನ್ ಕಮೋಡ್, ರಾತ್ರಿ ಊಟ ಅಲ್ಲೇ ಸಿಗುತ್ತದಾ ಎಂಬುದನ್ನೂ ಆಗಲೇ ಕೇಳಿಬಿಡಿ.

ಇನ್ನೊಂದು, ದಡಕ್ಕೆ ಬೇಲಿ ಇದೆಯಾ? ಈ ಹೊಳೆಯಲ್ಲಿ ಮೊಸಳೆಗಳಿವೆ. ರಂಗನತಿಟ್ಟಿನಲ್ಲಿ ದೋಣಿಯಿಂದ ನೋಡುತ್ತೀರಲ್ಲ, ಅವೇ. ಅವಕ್ಕೆ ಪಕ್ಷಿಧಾಮದ ಗಡಿ ಗೊತ್ತಿಲ್ಲ. 'ನಮ್ಮದೇ ಪ್ರೈವೇಟ್ ಬೀಚ್, ಇಳಿಯಬಹುದು' ಅಂತ ಯಾರಾದರೂ ಅಂದರೆ ಆ ಜಾಗ ಬಿಟ್ಟುಬಿಡಿ. ಬಂಡೆ, ಸುಳಿ ಬೇರೆ. ಹತ್ತಿರದ ಬಲಮುರಿ, ಎಡಮುರಿಯಲ್ಲಿ ಈಜಲು ಹೋಗಿ ಸತ್ತವರ ಸುದ್ದಿ ಪೇಪರಿನಲ್ಲಿ ಬರುತ್ತಲೇ ಇರುತ್ತದೆ.

ಯಾವ ತಿಂಗಳು ಅಂತ ಬರೆದಿಲ್ಲ ನೀವು. ಜುಲೈ, ಆಗಸ್ಟ್ ಆದರೆ ಲೆಕ್ಕವೇ ಬೇರೆ. ಕೆಆರ್‌ಎಸ್ ಅಣೆಕಟ್ಟು ಇರುವುದು ಊರಿನ ಮೇಲ್ಗಡೆ. ಅಲ್ಲಿ ನೀರು ಪೂರ್ತಿ ಮಟ್ಟವಾದ 124.80 ಅಡಿ ಮುಟ್ಟುತ್ತಾ ಬಂದ ಹಾಗೆ ಗೇಟು ತೆಗೆಯುತ್ತಾರೆ. ಹೊಳೆ ಕೆಂಪಗೆ ಉಕ್ಕುತ್ತದೆ, ರಂಗನತಿಟ್ಟಿನ ದೋಣಿ ನಿಲ್ಲಿಸುತ್ತಾರೆ, ದಡದ ಹತ್ತಿರ ಯಾರನ್ನೂ ಬಿಡುವುದಿಲ್ಲ. ಆಗ ಹೊಳೆ ಪಕ್ಕದ ರೂಮಿಗೆ ಜಾಸ್ತಿ ದುಡ್ಡು ಕೊಡುವುದು ದಂಡ. ಹೊರಡುವ ಮುಂಚೆ ಡ್ಯಾಮಿನ ಮಟ್ಟ ನೋಡಿ, ಪೇಪರಿನಲ್ಲಿ ದಿನಾ ಬರುತ್ತದೆ. ಹಕ್ಕಿಗಳಿಗಾದರೆ ಫೆಬ್ರವರಿಯಿಂದ ಜೂನ್ ಒಳ್ಳೆಯದು. ಬಣ್ಣದ ಕೊಕ್ಕರೆಗಳು ಗೂಡು ಕಟ್ಟಿ ಮರಿ ಮಾಡಿರುತ್ತವೆ. ಭಾನುವಾರ ಬೆಳಗಿನ ಮೊದಲ ದೋಣಿ ಹಿಡಿಯಿರಿ, ಆಮೇಲೆ ಕ್ಯೂ ಬೆಳೆಯುತ್ತದೆ.

ಅಮಾವಾಸ್ಯೆ ಇರುವ ವಾರಾಂತ್ಯ ತಪ್ಪಿಸಿ. ನಿಮಿಷಾಂಬದಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಪಶ್ಚಿಮವಾಹಿನಿ ಕಡೆಯೂ ರೂಮು ಬೇಡ ಅನ್ನುತ್ತೇನೆ. ಅಸ್ಥಿ ಬಿಡಲು, ಕರ್ಮ ಮಾಡಿಸಲು ಜನ ಬರುವ ಜಾಗ ಅದು. ಪಕ್ಕದಲ್ಲಿ ಕೂತು ಮಕ್ಕಳ ಜೊತೆ ಚಿಪ್ಸ್ ತಿನ್ನುವುದು ಸರಿ ಕಾಣುವುದಿಲ್ಲ ಅಲ್ವಾ?

ಅತ್ತೆಯವರಿಗೆ ದೇವರ ದರ್ಶನವೇ ಮುಖ್ಯ, ಉಳಿದದ್ದೆಲ್ಲ ಆಮೇಲೆ ಅನ್ನುವುದಾದರೆ ಮಾತ್ರ ಕೋಟೆ ಒಳಗಿನ ಲಾಡ್ಜ್ ನೋಡಿ. ಸಾಧಾರಣ ರೂಮುಗಳು, ರಾತ್ರಿ ರೈಲಿನ ಸದ್ದು ಕೇಳಿಸುತ್ತದೆ. ಆದರೆ ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಗುಡಿಯಲ್ಲಿರಬಹುದು, ಆಗ ಆದಿರಂಗನ ಮುಂದೆ ಯಾರೂ ತಳ್ಳುವುದಿಲ್ಲ. ಮಧ್ಯಾಹ್ನ ಗುಡಿ ಮುಚ್ಚುತ್ತಾರೆ, ನೆನಪಿರಲಿ. ಅಲ್ಲಿ ಉಳಿಯುವುದಾದರೆ ಕಾರೂ ಬೇಡ, ರೈಲಿನಲ್ಲೇ ಬನ್ನಿ. ವಂದೇ ಭಾರತ್, ಶತಾಬ್ದಿ ಇಲ್ಲಿ ನಿಲ್ಲುವುದಿಲ್ಲ, ಟಿಕೆಟ್ ಮಾಡುವಾಗ ನೋಡಿಕೊಳ್ಳಿ.