ಉಣುಗು ಕಿತ್ತ ಮೇಲೂ ನಾಯಿ ಮಂಕಾಗಿದ್ದರೆ ಏನು ಮಾಡಬೇಕು?

ಉಣುಗುಗಳನ್ನೆಲ್ಲ ಕಿತ್ತು ಹತ್ತು ದಿನವಾದರೂ ನಾಯಿ ಊಟ ಬಿಟ್ಟು ಮಂಕಾಗಿ ಮಲಗಿದೆ ಎಂದು ಕೇಳಿದ್ದೀರಿ. ಕಂದು ಉಣುಗು ಕಚ್ಚಿದಾಗ ರಕ್ತಕ್ಕೆ ಸೇರುವ ಎರ್ಲಿಕಿಯಾ ಎಂಬ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಒಂದರಿಂದ ಮೂರು ವಾರಗಳ ನಂತರವೇ ಜ್ವರ ತರಿಸುವುದರಿಂದ, ಈಗ ಮೈಮೇಲೆ ಉಣುಗು ಇಲ್ಲವೆಂದು ಸುಮ್ಮನಿರುವಂತಿಲ್ಲ. ತುಟಿಯನ್ನು ಮೇಲೆತ್ತಿ ಒಸಡನ್ನು ನೋಡಿ. ಅದು ಬಿಳಿಚಿಕೊಂಡಿದ್ದರೆ, ಹೊಟ್ಟೆಯ ಚರ್ಮದಲ್ಲಿ ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕೆಗಳಿದ್ದರೆ ಅಥವಾ ಮೂಗಿನಿಂದ ರಕ್ತ ಸುರಿದರೆ ಪ್ಲೇಟ್‌ಲೆಟ್ ಕುಸಿದಿರುವ ಸಾಧ್ಯತೆಯಿದ್ದು, ಅಂದೇ ಪಶುವೈದ್ಯರ ಬಳಿ ರಕ್ತಪರೀಕ್ಷೆ ಮಾಡಿಸಬೇಕು. ಅವರು ಬರೆದುಕೊಡುವ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಸಾಮಾನ್ಯವಾಗಿ 28 ದಿನ ಕೊಡಬೇಕಾಗುತ್ತದೆ; ಮೂರನೆಯ ದಿನವೇ ನಾಯಿ ಬಾಲ ಅಲ್ಲಾಡಿಸಿತೆಂದು ಅಲ್ಲಿಗೇ ನಿಲ್ಲಿಸುವವರು ಹಲವರು. ಜ್ವರಕ್ಕೆಂದು ಮನೆಯಲ್ಲಿರುವ ಐಬುಪ್ರೊಫೇನ್ ಮಾತ್ರ ಕೊಡಲೇಬೇಡಿ, ಅದರಿಂದ ನಾಯಿಯ ಜಠರದಲ್ಲಿ ಹುಣ್ಣಾಗಿ ರಕ್ತಸ್ರಾವವಾಗುತ್ತದೆ.