ನಾಯಿ ಕೂತ ಜಾಗದಲ್ಲಿ ಶವ ಸಿಗದಿದ್ದರೆ

ನೋಡ್ರಿ, ಎರೆಹೊಲದಲ್ಲಿ ಪೊಲೀಸ್ ನಾಯಿ ವಾಸನೆ ಸಿಕ್ಕಿತೆಂದು ಒಂದು ಕಡೆ ಕೂತು, ಹೂತ ಶವ ಏಳೆಂಟು ಅಡಿ ಆಚೆ ಸಿಕ್ಕರೆ ನಾಯಿ ತಪ್ಪಿತು ಅನ್ನಬೇಕಾ ಅಂತ ಕೇಳಿದ್ದೀರಿ. ಅನ್ನಬಾರದು. ಅದು ತೋರಿಸುವುದು ವಾಸನೆ ಹೊರಬೀಳುವ ಜಾಗವನ್ನು, ಶವವನ್ನಲ್ಲ. ಗದಗ, ನವಲಗುಂದ ಕಡೆಯ ಕರಿಮಣ್ಣು ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಶವ ಕೊಳೆತು ಹುಟ್ಟುವ ಅನಿಲ ಸುಲಭದ ದಾರಿ ಹಿಡಿದು ದೂರದ ಬಿರುಕಿನಿಂದ ಮೇಲೆ ಬರಬಹುದು. ಮಳೆ ಬಿದ್ದರೆ ಅದೇ ಮಣ್ಣು ಉಬ್ಬಿ ಬಿರುಕು ಮುಚ್ಚಿಕೊಳ್ಳುತ್ತದೆ, ವಾಸನೆ ಒಳಗೇ ಉಳಿಯುತ್ತದೆ. ಇಳಿಜಾರಿದ್ದರೆ ನೀರಿನ ಜೊತೆ ತಗ್ಗಿಗೂ ಇಳಿಯುತ್ತದೆ.

ಹಾಗಾಗಿ ಮೊದಲು ತೆಳ್ಳಗಿನ ಕಬ್ಬಿಣದ ಸಲಾಕೆಯಿಂದ ಅಲ್ಲಲ್ಲಿ ತೂತು ಹಾಕಿ, ಸ್ವಲ್ಪ ಹೊತ್ತು ಬಿಟ್ಟು, ಗಾಳಿ ಎದುರಿಗೆ ಬರುವಂತೆ ನಾಯಿಯನ್ನು ನಡೆಸುತ್ತಾರೆ. ಸಲಾಕೆ ಮೆತ್ತಗೆ ಇಳಿದರೆ ಅಲ್ಲಿ ಮಣ್ಣು ಅಗೆದಿರಬಹುದು; ಆಮೇಲೆ ಒತ್ತಬಾರದು, ಎಲುಬಿಗೆ ಪೆಟ್ಟಾದರೆ ಗಾಯ ಯಾವಾಗಿನದು ಎಂಬ ಗೊಂದಲ ಹುಟ್ಟುತ್ತದೆ. ಪ್ರತಿ ತೂತಿಗೂ ಸಲಾಕೆ ಒರೆಸಲೇಬೇಕು. ಇಲ್ಲದಿದ್ದರೆ ಒಂದರ ವಾಸನೆ ಉಳಿದವಕ್ಕೆಲ್ಲ ಅಂಟಿ, ನಾಯಿ ಎಲ್ಲ ಕಡೆ ಕೂರುತ್ತದೆ.

ಲ್ಯಾಬಿನ ವಿಷಯ: ಶವ ಕೊಳೆಯುವಾಗ ಹುಟ್ಟುವ ಕ್ಯಾಡವರೀನ್, ಪ್ಯುಟ್ರಸೀನ್ ಎಂಬ ರಾಸಾಯನಿಕಗಳ ಹೆಸರು ಹಲವರಿಗೆ ಗೊತ್ತು, ಆದರೆ ಅವು ಸತ್ತ ಎಮ್ಮೆಯಲ್ಲೂ ಇರುತ್ತವೆ. ಹಾಗಾಗಿ ಗ್ಯಾಸ್ ಕ್ರೊಮ್ಯಾಟೋಗ್ರಫಿಯಲ್ಲಿ, ಅಂದರೆ ಬೆರೆತ ಆವಿಗಳನ್ನು ಬೇರೆ ಬೇರೆ ಮಾಡುವ ಪರೀಕ್ಷೆಯಲ್ಲಿ, ಡೈಮೀಥೈಲ್ ಡೈಸಲ್ಫೈಡ್, ಇಂಡೋಲ್ ಮುಂತಾದ ಹತ್ತಾರು ಆವಿಗಳನ್ನು ಒಟ್ಟಿಗೆ ನೋಡುತ್ತಾರೆ. ಮಣ್ಣನ್ನು ತೆಳು ಪ್ಲಾಸ್ಟಿಕ್ ಚೀಲದಲ್ಲಿ ಕಳಿಸಿದರೆ ಆವಿ ಸೋರಿಹೋಗುತ್ತದೆ. ಬಿಗಿ ಮುಚ್ಚಳದ ಗಾಜಿನ ಬಾಟಲಿ ಬೇಕು. ಅದೇ ಹೊಲದ, ಮುಟ್ಟದ ಜಾಗದ ಮಣ್ಣೂ ಜೊತೆಗಿರಲಿ. ಅದಿಲ್ಲದೆ ತಿಪ್ಪೆಗೊಬ್ಬರದ ವಾಸನೆ ಯಾವುದು, ಶವದ್ದು ಯಾವುದು ಎಂದು ಬಿಡಿಸುವುದು ಬಹಳ ಕಷ್ಟ.